ಏಳನೇ ಪಾಠ

ಹೋದ ತಿಂಗಳು ಬಸವೇಶ್ವರನಗರದ ಒಂದು ಸಣ್ಣ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಅಲ್ಲಿನ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ಮೊಣಕೈಯ ಒಳಮಡಿಕೆಗೆ ಒರೆಸಿದಳು. ಅದೇ ಹೊತ್ತಿಗೆ ಪಕ್ಕದ ಮೇಜಿನ ಇನ್ನೊಬ್ಬಳು ಹೆಸರು ಬರೆದುಕೊಳ್ಳಲು ಪೆನ್ಸಿಲ್ ಹೆರೆಯುತ್ತಿದ್ದಳು. ಸ್ಪಿರಿಟ್ಟಿನ ತಣ್ಣನೆಯ ಘಾಟು, ಪೆನ್ಸಿಲ್ ಸಿಪ್ಪೆಯ ಒಣಮರದ ವಾಸನೆ. ಬೇರೆ ಬೇರೆಯಾಗಿ ಇವು ಎಲ್ಲಿ ಬೇಕಾದರೂ ಸಿಗುತ್ತವೆ. ಒಂದರ ಜೊತೆ ಒಂದು ಸೇರಿ ನನ್ನ ಮೂಗಿಗೆ ತಾಕಿ ಐವತ್ತು ವರ್ಷವಾಗಿತ್ತು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ. "ಮುಗೀತು ಆಂಟಿ, ಎದ್ದೇಳಿ" ಎಂದು ಹುಡುಗಿ ಎರಡು ಸಲ ಹೇಳಬೇಕಾಯಿತು. ನಾನು ರಾಜಾಜಿನಗರದ ನಮ್ಮ ಹಳೆಯ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಕಿಟಕಿಯ ಪಕ್ಕ ಕಬ್ಬಿಣದ ಮಂಚ, ಮಂಚದ ಮೇಲೆ ದಿಂಬಿಗೆ ಒರಗಿ ನನ್ನ ಅಣ್ಣ, ಅವನ ತೊಡೆಯ ಮೇಲೆ ಹರಡಿದ ಹಳೆಯ ಪೇಪರಿನ ತುಂಬ ಪೆನ್ಸಿಲ್ ಸಿಪ್ಪೆ.

ಆ ಮನೆ ಈಗಿಲ್ಲ. ಕಾರ್ಖಾನೆಗಳ ಎಸ್ಟೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವಷ್ಟು ಹತ್ತಿರದಲ್ಲಿ, ಒಂದೇ ಗೋಡೆಗೆ ಆತುಕೊಂಡ ನಾಲ್ಕು ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದಾಗಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಮುಂದೆ ಚಪ್ಪಡಿ ಹಾಸಿದ ಮೂರಡಿ ಜಾಗ. ಕೆಂಪು ಸಿಮೆಂಟಿನ ನೆಲವನ್ನು ಅಮ್ಮ ದಿನವೂ ಒರೆಸಿ ಒರೆಸಿ ಅದರಲ್ಲಿ ಕಿಟಕಿಯ ಸರಳುಗಳ ನೆರಳು ನೀರಿನಲ್ಲಿ ಕಂಡಂತೆ ಕಾಣುತ್ತಿತ್ತು. ಅಪ್ಪ ಲೇತ್ ಮೆಷಿನ್ನಿನ ಕೆಲಸಗಾರ. ಅವರು ಮನೆಗೆ ಬಂದರೆ ಮೆಷಿನ್ನಿನ ಎಣ್ಣೆಯ ವಾಸನೆ ಅವರಿಗಿಂತ ಒಂದು ಹೆಜ್ಜೆ ಮುಂದಾಗಿ ಬರುತ್ತಿತ್ತು. ಕಾರ್ಖಾನೆಯ ಸೈರನ್ನಿಗೆ ನಾವು ಗಡಿಯಾರ ತಿದ್ದಿಕೊಳ್ಳುತ್ತಿದ್ದೆವು. ಆಗ ರಾಜಾಜಿನಗರದ ಆಚೆಗೆ ಊರು ಮುಗಿದೇಹೋಯಿತು ಅನ್ನಿಸುತ್ತಿತ್ತು. ಈಗ ನೀವು ಬಸವೇಶ್ವರನಗರ ಎನ್ನುವ ಜಾಗದಲ್ಲಿ ರಾಗಿಹೊಲವಿತ್ತು. ಮಾರೇನಹಳ್ಳಿ ಹಳ್ಳಿಯೇ ಆಗಿತ್ತು. ನಾಗರಬಾವಿಯಿಂದ ಸೊಪ್ಪು ಹೊತ್ತು ತರುವ ಹೆಂಗಸು ಬೆಳಿಗ್ಗೆ ಹೊರಟರೆ ನಮ್ಮ ಬೀದಿಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಇದನ್ನೆಲ್ಲ ಯಾರಿಗಾದರೂ ಹೇಳಿದರೆ ನಂಬುತ್ತಾರೆ, ಆದರೆ ಕಣ್ಣಿಗೆ ತಂದುಕೊಳ್ಳಲಾರರು. ನಿಮ್ಮದೂ ಅಂಥ ಒಂದು ಮನೆ ಹೋಗಿದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ಅಣ್ಣನ ಹೆಸರು ಮೋಹನ. ನನಗಿಂತ ಒಂದೂವರೆ ವರ್ಷಕ್ಕೆ ದೊಡ್ಡವನು, ಸ್ಕೂಲಿನಲ್ಲಿ ಒಂದು ಕ್ಲಾಸು ಮುಂದೆ. ಅವನು ಆರನೇ ಕ್ಲಾಸಿನಲ್ಲಿದ್ದಾಗ ಗಂಟಲು ನೋವು, ಜ್ವರ ಬಂದವು. ಮಕ್ಕಳಿಗೆ ಬರುವಂಥದ್ದೇ ಎಂದು ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಳು. ಜ್ವರ ಬಿಟ್ಟ ಮೇಲೆ ಮಂಡಿ ಊದಿತು, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತ ಹೋಯಿತು. ಅದೂ ಹೋಯಿತು. ಏಳನೇ ಕ್ಲಾಸಿಗೆ ಸೇರಿದ ಕೆಲವೇ ವಾರಕ್ಕೆ ಅವನು ಪ್ರಾರ್ಥನೆಯ ಹೊತ್ತಿನಲ್ಲಿ ನಿಂತಲ್ಲೇ ಕುಸಿದು ಕುಳಿತ. ದೊಡ್ಡ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿಸಿಕೊಂಡು, ಅಪ್ಪನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದರಂತೆ: ಕೀಲುಗಳಿಗೆ ಬಂದ ರೋಗ ಕೀಲು ಬಿಟ್ಟು ಹೃದಯಕ್ಕೆ ಇಳಿದಿದೆ, ಒಳಗಿನ ಕವಾಟವೊಂದು ಕೆಟ್ಟಿದೆ, ಹುಡುಗ ಓಡಬಾರದು, ಮೆಟ್ಟಿಲು ಹತ್ತಬಾರದು, ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚಿಸಬೇಕು, ಇನ್ನೆರಡು ವರ್ಷ ಬೆಳೆದು ಮೈ ಗಟ್ಟಿಯಾದರೆ ಆಪರೇಷನ್ ವಿಚಾರ ನೋಡೋಣ. ಅಪ್ಪ ಇದನ್ನು ಅಮ್ಮನಿಗೆ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ಅಣ್ಣನಿಗೆ ಮಾತ್ರ ಅದು ಕೀಲುವಾಯು, ರೆಸ್ಟ್ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದು ಹೇಳಿದರು. ಅವನು ಕೇಳಿದ್ದನ್ನು ನಂಬಿದ ಎಂದು ನಾವು ಅಂದುಕೊಂಡೆವು.

ಒಂದು ವರ್ಷ ಅವನು ಮನೆಯಲ್ಲೇ ಕಳೆದ. ಅಷ್ಟರಲ್ಲಿ ನಾನು ಏಳನೇ ಕ್ಲಾಸಿಗೆ ಬಂದೆ. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ಅದನ್ನು ದಾಟಿದರೆ ಹೈಸ್ಕೂಲು. ನಮ್ಮ ಕ್ಲಾಸ್ ಟೀಚರು ಗಂಗಾಧರಯ್ಯ ಮೇಷ್ಟ್ರು ಒಂದು ದಿನ ನನ್ನನ್ನು ಮೇಜಿನ ಹತ್ತಿರ ಕರೆದು, ನಿಮ್ಮಣ್ಣನ ಹೆಸರು ಹಾಜರಿಯಲ್ಲಿ ಇಟ್ಟಿರುತ್ತೇನೆ, ಮನೆಯಲ್ಲೇ ಓದಲಿ, ಮಾರ್ಚಿನಲ್ಲಿ ರಿಕ್ಷಾದಲ್ಲಿ ಕರೆತಂದು ನೆಲಮಹಡಿಯಲ್ಲೇ ಕೂರಿಸಿ ಬರೆಸೋಣ, ಹೆಡ್‌ಮಾಸ್ಟರಿಗೆ ನಾನು ಹೇಳಿದ್ದೇನೆ ಎಂದರು. ಪಂಚೆಯ ಮೇಲೆ ಬೂದು ಬಣ್ಣದ ಕೋಟು ಹಾಕುತ್ತಿದ್ದ ತೆಳ್ಳನೆಯ ಮನುಷ್ಯ. ಅವರಿಗೊಂದು ಪದ್ಧತಿ ಇತ್ತು. ಪ್ರತಿ ತಿಂಗಳ ಮೊದಲ ದಿನ ಬೋರ್ಡಿನ ಎಡಗಡೆ ಒಂದು ಗೆರೆ ಎಳೆದು, ಮೇಲೆ 'ಈ ತಿಂಗಳ ಪಾಠಗಳು' ಎಂದು ಬರೆದು, ಅದರ ಕೆಳಗೆ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಂದು ಒಂದೊಂದರಲ್ಲೂ ಎಷ್ಟನೇ ಪಾಠ, ಅದರ ಹೆಸರೇನು ಎಂಬುದನ್ನು ಅಂಕಿ ಹಾಕಿ ಬರೆಯುತ್ತಿದ್ದರು. ತಿಂಗಳು ಮುಗಿಯುವವರೆಗೂ ಅದನ್ನು ಯಾರೂ ಅಳಿಸುವಂತಿರಲಿಲ್ಲ. ಆ ಪಟ್ಟಿಯನ್ನು ನಾನು ಒಂದು ಹಾಳೆಗೆ ಇಳಿಸಿಕೊಂಡು ಅಣ್ಣನಿಗೆ ತಂದು ಕೊಡಬೇಕು, ದಿನದಿನದ ಪಾಠವನ್ನು ಸಂಜೆ ಹೇಳಿಕೊಡಬೇಕು. ನನಗೆ ಒಪ್ಪಿಸಿದ ಕೆಲಸ ಇದು.

ಸಂಜೆ ನಾಲ್ಕೂವರೆಗೆ ನಾನು ಚೀಲ ಹೊತ್ತು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕಿಟಕಿಯಲ್ಲಿ ಅವನ ಮುಖ ಇರುತ್ತಿತ್ತು. ಕಾಫಿ ಕುಡಿಯುವುದಕ್ಕೂ ಬಿಡುತ್ತಿರಲಿಲ್ಲ. "ಏನಾಯ್ತು ಇವತ್ತು, ಮೊದಲನೇ ಪೀರಿಯಡ್‌ನಿಂದ ಹೇಳು" ಎನ್ನುತ್ತಿದ್ದ. ಪಾಠವಷ್ಟೇ ಸಾಲದು, ಯಾರು ಯಾವ ಪ್ರಶ್ನೆಗೆ ತಪ್ಪು ಉತ್ತರ ಹೇಳಿದರು, ಮೇಷ್ಟ್ರು ಎಲ್ಲಿ ನಕ್ಕರು, ಬೋರ್ಡಿನ ಮೇಲೆ ಚಿತ್ರ ಎಷ್ಟು ದೊಡ್ಡದು, ಎಲ್ಲ ಬೇಕು. ಬೀಜಗಣಿತ ಆ ವರ್ಷವೇ ಶುರು. 'ಕ್ಷ' ಎನ್ನುವುದು ಗೊತ್ತಿಲ್ಲದ ಒಂದು ಸಂಖ್ಯೆ ಎಂದು ನಾನು ಹೇಳಿದರೆ ಅವನು, ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟುಬಿಟ್ಟರೆ ಅರ್ಧ ಗೊತ್ತಾದ ಹಾಗೆ, ಅಲ್ಲವೇನೇ ಎಂದು ಕಣ್ಣರಳಿಸುತ್ತಿದ್ದ. ನಾನು ಹೇಳಿಕೊಡುವವಳು ಎಂದು ಹೆಸರಿಗೆ ಮಾತ್ರ. ಹತ್ತು ನಿಮಿಷ ಕಳೆದ ಮೇಲೆ ಅವನೇ ನನಗೆ ಲೆಕ್ಕ ಹೇಳಿಕೊಡುತ್ತಿರುತ್ತಿದ್ದ. ಸಮಾಜದಲ್ಲಿ ವಿಜಯನಗರ ಸಾಮ್ರಾಜ್ಯದ ಪಾಠ ಬಂದಾಗ, ನಮ್ಮಿಂದ ಸ್ವಲ್ಪ ಆಚೆ ಹೊಸದಾಗಿ ರಸ್ತೆ ಎಳೆದು ಕಲ್ಲು ನೆಡುತ್ತಿದ್ದ ವಿಜಯನಗರ ಬಡಾವಣೆಯನ್ನು ನೋಡಿಬರಬೇಕೆಂದು ಹಟ ಹಿಡಿದ. ಅಪ್ಪ ಭಾನುವಾರ ಸೈಕಲ್ಲಿನ ಕ್ಯಾರಿಯರಿಗೆ ದಿಂಬು ಕಟ್ಟಿ, ಅವನನ್ನು ಕೂರಿಸಿ, ಇಳಿಜಾರಿನಲ್ಲೂ ಹತ್ತದೆ ತಳ್ಳಿಕೊಂಡೇ ಹೋಗಿಬಂದರು. ಬಂದ ಮೇಲೆ ಅಣ್ಣ, "ಅರಮನೆ ಇಲ್ಲ ಕಣೇ, ಬರೀ ಮೋರಿ ತೋಡಿದಾರೆ" ಎಂದ. ಅಪ್ಪ ನಕ್ಕಿದ್ದನ್ನು ಆ ವರ್ಷದಲ್ಲಿ ನಾನು ನೋಡಿದ್ದು ಆವತ್ತು ಒಂದೇ ಸಲ.

ವಿಜ್ಞಾನ ಅವನಿಗೆ ಎಲ್ಲಕ್ಕಿಂತ ಇಷ್ಟ. ಆ ವರ್ಷ ಪಠ್ಯ ಬದಲಾಗಿತ್ತು, ವಿಜ್ಞಾನದ ಹೊಸ ಪುಸ್ತಕ ಮಾತ್ರ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಮೇಷ್ಟ್ರು ತಮ್ಮ ಹತ್ತಿರವಿದ್ದ ಒಂದೇ ಪ್ರತಿಯಿಂದ ನೋಟ್ಸ್ ಬರೆಸುತ್ತಿದ್ದರು. ಹಾಗಾಗಿ ನನ್ನ ನೋಟ್‌ಬುಕ್ಕೇ ಅವನಿಗೆ ಪುಸ್ತಕ. ನನ್ನ ಕೋಳಿಕಾಲಿನ ಅಕ್ಷರವನ್ನು ಬೈದುಕೊಳ್ಳುತ್ತ ಅವನು ತನ್ನ ನೋಟ್‌ಬುಕ್ಕಿಗೆ ದುಂಡಗೆ ಇಳಿಸುತ್ತಿದ್ದ, ಚಿತ್ರಗಳನ್ನು ನನ್ನದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದ. ಪೆನ್ಸಿಲ್ ಮೊನೆ ಸೂಜಿಯಂತಿರಬೇಕು, ಮೊಂಡಾದರೆ ಬ್ಲೇಡು ತೆಗೆದುಕೊಂಡು ಹೆರೆಯುತ್ತ ಕೂರುವನು. ಬೀಜ ಮೊಳೆಯುವ ಪಾಠ ಬಂದಾಗ, ಇಂಜೆಕ್ಷನ್ ಕೊಡಲು ಬರುತ್ತಿದ್ದ ಕಾಂಪೌಂಡರ್ ಹತ್ತಿರ ಒಂದು ಹಿಡಿ ಹತ್ತಿ ಕೇಳಿ ತೆಗೆದುಕೊಂಡು, ಒದ್ದೆ ಮಾಡಿ, ಅದರಲ್ಲಿ ಅವರೆಕಾಳಿಟ್ಟ. ಅಯಸ್ಕಾಂತದ ಪಾಠಕ್ಕೆ ಅಪ್ಪ ಕಾರ್ಖಾನೆಯಿಂದ ಕಬ್ಬಿಣದ ಪುಡಿಯನ್ನು ಬೆಂಕಿಪೊಟ್ಟಣದಲ್ಲಿ ತಂದುಕೊಟ್ಟರು. ಪಾಠ ಒಂದೊಂದಾಗಿ ಮುಗಿಯುತ್ತಿತ್ತು. ಅಮ್ಮ ಬಾಗಿಲಿಗೆ ಒರಗಿ ನಿಂತು ನಾವಿಬ್ಬರೂ ತಲೆ ಕೂಡಿಸಿ ಕುಳಿತಿದ್ದನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಆಗ ಇದ್ದದ್ದು ಸಂತೋಷವಲ್ಲ. ಮುಗಿದುಹೋಗುವುದನ್ನು ನೋಡುವಾಗಿನ ಒಂದು ಬಗೆಯ ನೋಟ ಎಂದು ಈಗ, ನನಗೂ ವಯಸ್ಸಾದ ಮೇಲೆ, ಅನ್ನಿಸುತ್ತದೆ.

ಸೆಪ್ಟೆಂಬರ್ ತಿಂಗಳ ಮೊದಲ ದಿನ ಬೋರ್ಡಿನ ಎಡಗಡೆ ವಿಜ್ಞಾನದ ಕೆಳಗೆ ಮೇಷ್ಟ್ರು ಮೂರು ಸಾಲು ಬರೆದರು. ಆರು, ಶಬ್ದ. ಏಳು, ಹೃದಯ ಮತ್ತು ರಕ್ತ ಪರಿಚಲನೆ. ಎಂಟು, ಸಸ್ಯಗಳ ಉಸಿರಾಟ. ಬರೆದುಕೊಳ್ಳುತ್ತಿದ್ದ ನನ್ನ ಕೈ ಏಳರ ಹತ್ತಿರ ನಿಂತಿತು. ಮನೆಗೆ ಬಂದವಳು ಅವತ್ತು ಮುಂಬಾಗಿಲು ಬಿಟ್ಟು ಹಿಂದಿನ ಬಚ್ಚಲ ಕಡೆಯಿಂದ ಒಳಗೆ ಹೋಗಿ, ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮನಿಗೆ ಮೆಲ್ಲಗೆ ಹೇಳಿದೆ. ಅಮ್ಮ ಮೂರನೇ ಕ್ಲಾಸಿನವರೆಗೆ ಓದಿದವಳು. ಹೃದಯದ ಬಗ್ಗೆ ಪುಸ್ತಕದಲ್ಲಿ ಏನೇನು ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅವಳು ಮೊರವನ್ನು ಕೆಳಗಿಟ್ಟುಬಿಟ್ಟಳು. "ಕವಾಟದ್ದೂ ಇರುತ್ತಾ ಅದರಲ್ಲಿ?" ಎಂದು ಕೇಳಿದಳು. ಇರಬಹುದು ಎಂದೆ. "ಅದೊಂದು ಬೇಡ ಕಣೇ ವತ್ಸಲ. ಆ ಪಾಠ ಇಲ್ಲ ಅನ್ನು. ಒಂದು ಪಾಠ ಓದದೇ ಹೋದ್ರೆ ಏನೂ ಆಗಲ್ಲ" ಎಂದಳು. ಅವಳು ನನ್ನನ್ನು ಹಾಗೆ ಯಾವತ್ತೂ ಬೇಡಿಕೊಂಡಿರಲಿಲ್ಲ. ನಾನು ಅಲ್ಲೇ ಒಲೆಯ ಪಕ್ಕ ಕುಳಿತು ಪಟ್ಟಿಯನ್ನು ಇನ್ನೊಂದು ಹಾಳೆಗೆ ಬರೆದೆ. ಆರು, ಶಬ್ದ. ಎಂಟು, ಸಸ್ಯಗಳ ಉಸಿರಾಟ. ಅಂಕಿಗಳನ್ನು ತಿದ್ದಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಣ್ಣ ಹಾಳೆಯನ್ನು ತೆಗೆದುಕೊಂಡು ಓದಿದ, ಇನ್ನೊಂದು ಸಲ ಓದಿದ, ಕಿಟಕಿಯ ಪಕ್ಕ ಗೋಡೆಗೆ ಅಂಟಿಸಿದ.

ಶಬ್ದದ ಪಾಠ ಮುಗಿಯಿತು. ಏಳನೆಯದು ಶುರುವಾದ ಮೇಲೆ ನಾನು ಆ ನೋಟ್ಸನ್ನು ಹಿಂದಿನ ವರ್ಷದ ಒಂದು ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆದುಕೊಂಡು, ಅದನ್ನು ಪಕ್ಕದ ಬೀದಿಯ ಗೆಳತಿಯ ಮನೆಯಲ್ಲಿ ಇಟ್ಟು ಬರುತ್ತಿದ್ದೆ. ಅಣ್ಣ ಕೇಳಿದರೆ ಮೇಷ್ಟ್ರಿಗೆ ಹುಷಾರಿಲ್ಲ, ಬೇರೆಯವರು ಬಂದು ವಿಜ್ಞಾನದ ಪೀರಿಯಡ್ಡಿನಲ್ಲಿ ಲೆಕ್ಕ ಮಾಡಿಸಿದರು ಎಂದೆ. ಇನ್ನೊಂದು ದಿನ ಇನ್ಸ್‌ಪೆಕ್ಟರು ಬಂದಿದ್ದರು ಎಂದೆ. ನಾನು ಸುಳ್ಳು ಹೇಳುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೌದಾ ಎಂದಷ್ಟೇ ಅನ್ನುತ್ತಿದ್ದ.

ಪಾಠದ ಕೊನೆಯ ದಿನ ಗಂಗಾಧರಯ್ಯ ಮೇಷ್ಟ್ರು ಕ್ಲಾಸಿಗೆ ಒಂದು ಅಲ್ಯುಮಿನಿಯಂ ಡಬ್ಬಿ ತಂದರು. ಮೇಷ್ಟ್ರು ಮೊಟ್ಟೆಯನ್ನೂ ಮುಟ್ಟದ ಮನೆಯವರು. ಆದರೂ ಬೆಳಿಗ್ಗೆ ಮಾರೇನಹಳ್ಳಿಯ ಮಟನ್ ಅಂಗಡಿಗೆ ಹೋಗಿ, ಮಕ್ಕಳಿಗೆ ತೋರಿಸಬೇಕು ಎಂದು ಕೇಳಿ, ಒಂದು ಮೇಕೆಯ ಹೃದಯವನ್ನು ಬಾಳೆಲೆಯಲ್ಲಿ ಸುತ್ತಿಸಿಕೊಂಡು ಬಂದಿದ್ದರು. ಡಬ್ಬಿ ತೆರೆದಾಗ ಹಿಂದಿನ ಬೆಂಚಿನವರೆಲ್ಲ ಮುಂದೆ ನುಗ್ಗಿದರು. ಮೇಷ್ಟ್ರು ಮೂಗು ಮುಚ್ಚದೆ, ಮುಖ ಕಿವಿಚದೆ, ಬ್ಲೇಡಿನಿಂದ ಅದರ ಮೇಲ್ಭಾಗವನ್ನು ಕೊಯ್ದು ತೆಗೆದು ಒಳಗನ್ನು ತೋರಿಸಿದರು. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ನಡುವೆ ಕವಾಟ, ಕವಾಟ ಅಂದರೆ ಬಾಗಿಲು. ಈರುಳ್ಳಿಯ ಒಳಪೊರೆಯಂತೆ ತೆಳ್ಳಗೆ ಬೆಳ್ಳಗೆ ಇತ್ತು ಅದು. ಕೆಳಗಿನಿಂದ ನೂಲಿನಂಥ ಎಳೆಗಳು ಅದನ್ನು ಹಿಡಿದುಕೊಂಡಿದ್ದವು. ಮೇಷ್ಟ್ರು ಚೊಂಬಿನಿಂದ ಒಂದಿಷ್ಟು ನೀರು ಹುಯ್ದು ಬೆರಳಿನಿಂದ ಕೆಳಗೆ ಅಮುಕಿದಾಗ ಆ ಪೊರೆಗಳು ಮೇಲೆದ್ದು ಒಂದಕ್ಕೊಂದು ಸೇರಿ ಮುಚ್ಚಿಕೊಂಡವು. ಎಲ್ಲರೂ ಓಹೋ ಎಂದರು. ಯಾವನೋ ಒಬ್ಬ ಹುಡುಗ, "ಸಾರ್, ಬಾಗಿಲು ಸರಿಯಾಗಿ ಮುಚ್ಚದೇ ಇದ್ರೆ ಏನಾಗುತ್ತೆ?" ಎಂದು ಕೇಳಿದ. ಮೇಷ್ಟ್ರು ಉತ್ತರ ಹೇಳಲು ಬಾಯಿ ತೆರೆದರು, ನನ್ನನ್ನು ನೋಡಿದರು, ಡಬ್ಬಿಯ ಮುಚ್ಚಳ ಹಾಕಿದರು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ರಕ್ತಕ್ಕೆ ಹೇಸಿದೆ ಎಂದು ಗೆಳತಿಯರು ಅಂದುಕೊಂಡರು. ನನಗೆ ಆ ಪೊರೆ ಅಷ್ಟು ತೆಳ್ಳಗಿರುತ್ತದೆ ಎಂದು ಗೊತ್ತಿರಲಿಲ್ಲ.

ಆ ಭಾನುವಾರ ಮೇಷ್ಟ್ರು ನಮ್ಮ ಮನೆಗೆ ಬಂದರು. ನಾನು ಕ್ಲಾಸಿನಿಂದ ಎದ್ದುಹೋದದ್ದಕ್ಕೆ ಸಮಾಧಾನ ಹೇಳಲು ಬಂದಿದ್ದರೋ, ಅಣ್ಣನ ಓದು ಎಲ್ಲಿಗೆ ಬಂತು ಎಂದು ನೋಡಲು ಬಂದಿದ್ದರೋ, ಗೊತ್ತಿಲ್ಲ. ಅಪ್ಪ ಕುರ್ಚಿ ಹಾಕಿದರು. ಅಮ್ಮ ಕಾಫಿ ತಂದಳು. ಅಣ್ಣ ನಮಸ್ಕಾರ ಹೇಳಿ, ಮೇಷ್ಟ್ರು ಲೋಟ ಕೆಳಗಿಡುವವರೆಗೂ ಕಾದು, "ಸಾರ್, ಆರನೇ ಪಾಠ ಆಯ್ತು, ಎಂಟನೇದು ಬರುತ್ತೆ ಅಂತ ಪಟ್ಟೀಲಿದೆ. ಏಳನೇದು ಯಾವುದು?" ಎಂದು ಕೇಳಿದ. ಮೇಷ್ಟ್ರು ಗೋಡೆಯ ಮೇಲಿನ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಮ್ಮನನ್ನು. ಅಮ್ಮ ಖಾಲಿ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅಪ್ಪ ಬೇಡ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅಪ್ಪ ತಮ್ಮ ಅಂಗೈಯಲ್ಲಿ ಎಣ್ಣೆ ಕೂತು ಕಪ್ಪಾಗಿದ್ದ ಗೆರೆಗಳನ್ನೇ ನೋಡುತ್ತಿದ್ದು, ಕೊನೆಗೆ, "ಹೇಳಿ ಮೇಷ್ಟ್ರೇ. ಅವನಿಗೆ ಗೊತ್ತಾಗಬೇಕು" ಎಂದರು. ಮೇಷ್ಟ್ರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ತಮ್ಮ ಮುಷ್ಟಿ ಹಿಡಿದು, ಹೃದಯ ಇಷ್ಟು ದೊಡ್ಡದು, ಅವರವರ ಹೃದಯ ಅವರವರ ಮುಷ್ಟಿಯಷ್ಟು ಎಂದು ಶುರುಮಾಡಿ, ನಲವತ್ತು ಜನಕ್ಕೆ ಹೇಳಿದ ಪಾಠವನ್ನು ಒಬ್ಬನಿಗೆ ಹೇಳಿದರು. ಒಂದು ಪದವನ್ನೂ ಬಿಡಲಿಲ್ಲ. ಅಣ್ಣ ತನ್ನ ಮುಷ್ಟಿಯನ್ನು ಹಿಡಿದು ನೋಡಿಕೊಳ್ಳುತ್ತ ಕೇಳಿದ.

ಎಲ್ಲ ಮುಗಿದ ಮೇಲೆ ಅವನು, "ನಂದು ಯಾವ ಬಾಗಿಲು ಸಾರ್?" ಎಂದ.

"ಎಡಗಡೇದು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರೋದು. ನಿಮ್ಮ ತಂದೆ ಹೇಳಿದ್ರು."

"ಸರಿಹೋಗುತ್ತಾ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಅದು ನಂಗೆ ಗೊತ್ತಿಲ್ಲ ಕಣಯ್ಯ. ಗೊತ್ತಿದೆ ಅಂದ್ರೆ ಸುಳ್ಳಾಗುತ್ತೆ. ಡಾಕ್ಟರು ನೋಡ್ತಾರೆ. ನೀನು ಓದ್ತಾ ಇರು."

ಅಣ್ಣ ತಲೆಯಾಡಿಸಿದ. ಅವನು ಅಳಲಿಲ್ಲ. ಅತ್ತದ್ದು ಅಡುಗೆಮನೆಯಲ್ಲಿ ಅಮ್ಮ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ಸದ್ದು ಮಾಡುತ್ತಿದ್ದಳು, ಆದರೆ ಅವತ್ತು ಆ ಹೊತ್ತಿಗೆ ನೀರು ನಿಂತು ತುಂಬ ಹೊತ್ತಾಗಿತ್ತು. ಬರೀ ಒಣಪಾತ್ರೆಗಳು ಒಂದಕ್ಕೊಂದು ತಾಕುವ ಸದ್ದು ನಮಗೆಲ್ಲರಿಗೂ ಕೇಳುತ್ತಿತ್ತು. ಮೇಷ್ಟ್ರು ಹೋಗುವಾಗ ನನ್ನ ತಲೆ ಮುಟ್ಟಿ ಹೋದರು. ಮರುದಿನ ನಾನು ಗೆಳತಿಯ ಮನೆಯಿಂದ ಆ ನೋಟ್‌ಬುಕ್ಕನ್ನು ತಂದು ಅಣ್ಣನ ಮಂಚದ ಮೇಲಿಟ್ಟೆ. ಅವನು ಇಡೀ ಒಂದು ಪುಟಕ್ಕೆ ಹೃದಯದ ಚಿತ್ರ ಬರೆದ. ಎರಡು ದಿನ ಹಿಡಿಯಿತು. ಬಲಗಡೆಗೆ ನೀಲಿ, ಎಡಗಡೆಗೆ ಕೆಂಪು. ಎಡಗಡೆಯ ಕವಾಟವನ್ನು ಮಾತ್ರ ಪೆನ್ಸಿಲ್ಲಿನಲ್ಲೇ ಬಿಟ್ಟಿದ್ದ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಡಮ್ಮ, ತೊಟ್ಟಿಗೆ ನೀರು ಬಂದು ಹೋಗುವ ಹಾಗೆ ಇಲ್ಲಿಂದ ಬರುತ್ತೆ, ಇಲ್ಲಿಂದ ಹೋಗುತ್ತೆ, ನಂದು ಸ್ವಲ್ಪ ವಾಪಸ್ ಬರುತ್ತೆ, ಅದಕ್ಕೇ ನಂಗೆ ಏದುಸಿರು ಎಂದು ವಿವರಿಸಿದ. ಅಮ್ಮ ಹೂಂಗುಟ್ಟುತ್ತ ಕೇಳಿದಳು. ಅವತ್ತಿನಿಂದ ಮನೆಯಲ್ಲಿ ಪಿಸುಮಾತು ನಿಂತಿತು. ಅಷ್ಟು ಹಗುರವಾದದ್ದು ನಿಜ.

ಆದರೆ ನನ್ನ ಮತ್ತು ಅವನ ನಡುವೆ ಏನೋ ಒಂದು ಕಳೆದುಹೋಯಿತು. ಒಂದು ವಾರದ ಮೇಲೆ ಸ್ಕೂಲಿನಿಂದ ಬಂದಾಗ ಕಿಟಕಿಯಲ್ಲಿ ಅವನ ಮುಖವಿರಲಿಲ್ಲ. ಒಳಗೆ ಹೋದರೆ ಜೂನ್ ತಿಂಗಳಿನಿಂದ ನಾನು ಕೊಟ್ಟ ಪಟ್ಟಿಗಳು, ನೋಟ್ಸ್, ಪುಸ್ತಕಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಒಂದೊಂದನ್ನೇ ತಾಳೆ ನೋಡುತ್ತಿದ್ದ. ಏನಣ್ಣ ಎಂದೆ. ತಲೆ ಎತ್ತದೆ, "ಮತ್ತೆ ಮೊದಲಿಂದ ನೋಡ್ತಾ ಇದೀನಿ. ಇನ್ನೂ ಏನೇನು ಬಿಟ್ಟಿದೀಯೋ ಅಂತ" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ನಾನೂ ಜಗಳವಾಡಿ, ಅಮ್ಮ ಹೇಳಿದ್ದಕ್ಕೆ ಮಾಡಿದೆ ಎಂದು ಕೂಗಿ, ಅತ್ತು, ಮುಗಿಸಿಬಿಡುತ್ತಿದ್ದೆ. ಅಮ್ಮನ ಹೆಸರು ಹೇಳಬಾರದು ಎನ್ನಿಸಿತು. ಚೀಲ ತೆಗೆದಿಟ್ಟು ಹಿತ್ತಲಿಗೆ ಹೋದೆ. ಅವನು ಎಂದಿನಂತೆ ಪಾಠ ಹೇಳಿಸಿಕೊಳ್ಳುತ್ತಿದ್ದ, ಎಂದಿನಂತೆ ಲೆಕ್ಕ ತಿದ್ದುತ್ತಿದ್ದ. ಮೇಷ್ಟ್ರು ಎಲ್ಲಿ ನಕ್ಕರು ಎಂದು ಮಾತ್ರ ಕೇಳುವುದನ್ನು ಬಿಟ್ಟ.

ನವೆಂಬರಿನ ಚಳಿಗೆ ಅವನ ಪಾದಗಳು ಊದಿಕೊಂಡವು. ಎರಡು ದಿಂಬು ಇದ್ದದ್ದು ಮೂರಾಯಿತು, ನಾಲ್ಕಾಯಿತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕುಳಿತೇ ನಿದ್ದೆ ಮಾಡುತ್ತಿದ್ದ. ಡಿಸೆಂಬರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ನಿಗೆ ಬೇಕಾದಷ್ಟು ಶಕ್ತಿ ಹುಡುಗನಿಗೆ ಬರಲೇ ಇಲ್ಲ ಎಂದು ಡಾಕ್ಟರು ಹೇಳಿದರು. ಅಮ್ಮ ಅಲ್ಲೇ ಇರುತ್ತಿದ್ದಳು. ನಾನು ಮತ್ತು ಅಪ್ಪ ಸಂಜೆ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆವು. ಜನವರಿಯ ಪಟ್ಟಿಯನ್ನು ನಾನು ಬೋರ್ಡಿನಿಂದ ಅಕ್ಷರ ಬಿಡದೆ ಇಳಿಸಿಕೊಂಡೆ. ಅವತ್ತು ಸಂಜೆ ವಾರ್ಡಿನಲ್ಲಿ ಅವನು ಕಣ್ಣು ಮುಚ್ಚಿಕೊಂಡೇ, "ಈ ತಿಂಗಳು ಏನೇನು?" ಎಂದ. ಓದಿದೆ. ಗಣಿತದಲ್ಲಿ ವೃತ್ತ. ಸಮಾಜದಲ್ಲಿ ನಮ್ಮ ಸಂವಿಧಾನ. ಇಂಗ್ಲಿಷಿನಲ್ಲಿ ಪತ್ರ ಬರೆಯುವುದು. ವಿಜ್ಞಾನದಲ್ಲಿ ಬೆಳಕು, ಅದಾದ ಮೇಲೆ ಗ್ರಹಗಳು. ಗ್ರಹಗಳು ಎಂದಾಗ ಕಣ್ಣು ತೆರೆದು, "ಅಷ್ಟೇನಾ?" ಎಂದ. ಅಷ್ಟೇ ಅಣ್ಣ, ಬೇಕಾದರೆ ಮೇಷ್ಟ್ರನ್ನೇ ಕೇಳು ಎಂದೆ. ಅವನು ಹಾಸಿಗೆಯ ಮೇಲಿದ್ದ ಕೈಯನ್ನು ಸ್ವಲ್ಪ ಸರಿಸಿ ನನ್ನ ಬೆರಳು ಹಿಡಿದುಕೊಂಡು, "ಬೇಡ ಬಿಡು" ಎಂದ. ನಂಬಿದ್ದಕ್ಕೆ ಹಾಗೆಂದನೋ, ಮೇಷ್ಟ್ರನ್ನು ಕೇಳುವಷ್ಟು ಸಮಯ ಇನ್ನಿಲ್ಲ ಎಂದು ಗೊತ್ತಾಗಿ ಹಾಗೆಂದನೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಬೆಳಿಗ್ಗೆ ಎರಡನೇ ಪೀರಿಯಡ್ಡು, ಕಂಪಾಸಿನಲ್ಲಿ ವೃತ್ತ ಎಳೆಯುತ್ತಿದ್ದೆವು. ಅಪ್ಪ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತರು. ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಇದ್ದರು. ಆಸ್ಪತ್ರೆಯಲ್ಲಿ ಅಣ್ಣನ ತಲೆಯ ಹತ್ತಿರ ಇರುತ್ತಿದ್ದ ಕಾಫಿ ಫ್ಲಾಸ್ಕು ಅವರ ಕೈಯಲ್ಲಿತ್ತು. ಅದನ್ನು ನೋಡಿದ ಕೂಡಲೇ ನನಗೆ ತಿಳಿಯಿತು. ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವರು ಹೇಳಿದರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಅಪ್ಪನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು, ಗೇಟಿನವರೆಗೆ ನಮ್ಮ ಜೊತೆ ನಡೆದುಬಂದರು. ಫ್ಲಾಸ್ಕಿನೊಳಗೆ ಇನ್ನೂ ಕಾಫಿ ಅಲುಗುತ್ತಿತ್ತು. ಅದರ ಸದ್ದು ಅವರು ಹೆಜ್ಜೆ ಇಟ್ಟಾಗಲೆಲ್ಲ ಕೇಳುತ್ತಿತ್ತು.

ಹದಿನೈದು ದಿನದ ಮೇಲೆ ನಾನು ಮತ್ತೆ ಸ್ಕೂಲಿಗೆ ಹೋದೆ. ಮೇಷ್ಟ್ರು ಹಾಜರಿ ಕರೆಯುವಾಗ ಒಂದು ಹೆಸರಿನ ಹತ್ತಿರ ಬಂದು, ನಿಂತು, ಮುಂದಿನದಕ್ಕೆ ಹೋದರು. ಫೆಬ್ರವರಿಯ ಪಟ್ಟಿಯನ್ನೂ ನಾನು ಇಳಿಸಿಕೊಂಡೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು, ನಾನೂ ಬರೆದುಕೊಂಡೆ, ಮನೆಗೂ ತಂದೆ. ಮನೆಯಲ್ಲಿ ಮಂಚ ಮಡಚಿ ಗೋಡೆಗೆ ಒರಗಿಸಿದ್ದರು. ಆಗ ಗೊತ್ತಾಯಿತು ನನಗೆ, ಆ ವರ್ಷ ಕಲಿತದ್ದನ್ನೆಲ್ಲ ನಾನು ಕ್ಲಾಸಿನಲ್ಲಿ ಕಲಿತಿರಲಿಲ್ಲ ಎಂದು. ಸಂಜೆ ಒಬ್ಬರಿಗೆ ಹೇಳಬೇಕು ಎಂಬ ಕಾರಣಕ್ಕೆ ಕಿವಿಗೊಟ್ಟದ್ದು, ಹೇಳುವಾಗ ಅವನು ಕೇಳಿದ ಪ್ರಶ್ನೆಗೆ ತಿಳಿದುಕೊಂಡದ್ದು. ಈಗ ಮೇಷ್ಟ್ರ ಮಾತು ಕಿವಿಗೆ ಬಿದ್ದು ಹಾಗೇ ಹೋಗುತ್ತಿತ್ತು. ಒಂದು ಸಂಜೆ ನಾನು ಪುಸ್ತಕ ತೆರೆದು ಸುಮ್ಮನೆ ಕುಳಿತಿದ್ದಾಗ ಅಮ್ಮ ಕೈ ಒರೆಸಿಕೊಂಡು ಬಂದು ಎದುರಿಗೆ ಕುಳಿತಳು. "ಇವತ್ತು ಏನು ಪಾಠ ಆಯ್ತು, ನಂಗೆ ಹೇಳು" ಎಂದಳು. ಜನವರಿಯಲ್ಲಿ ಮುಗಿಯದೆ ಉಳಿದಿದ್ದ ಗ್ರಹಗಳ ಪಾಠ. ಸೂರ್ಯನಿಂದ ಶುರುಮಾಡಿ ಹೇಳತೊಡಗಿದೆ. ಅಮ್ಮ ಬುಧ, ಶುಕ್ರ ಕೇಳಿದಳು. ಭೂಮಿಗೆ ಬರುವಷ್ಟರಲ್ಲಿ, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಅವಳು ಮತ್ತೆ ಬಂದು ಕೇಳಲಿಲ್ಲ, ನಾನೂ ಕರೆಯಲಿಲ್ಲ. ಪರೀಕ್ಷೆಯಲ್ಲಿ ಹೇಗೋ ಪಾಸಾದೆ. ಹೈಸ್ಕೂಲು, ಪಿಯುಸಿ, ಆಮೇಲೆ ಅಂಚೆ ಕಚೇರಿಯಲ್ಲಿ ಕೆಲಸ, ಮದುವೆ, ಎಲ್ಲ ಆಗುತ್ತ ಹೋಯಿತು.

ಅಪ್ಪ ರಿಟೈರಾಗುವ ಹೊತ್ತಿಗೆ ನಾಲ್ಕು ಮನೆಗಳ ಆ ಸಾಲನ್ನು ಕೆಡವಿದರು. ಅಪ್ಪ ಅಮ್ಮ ಮೂಡಲಪಾಳ್ಯದ ಒಂದು ಸಣ್ಣ ಮನೆಗೆ ಹೋದರು. ಮನೆ ಬದಲಿಸುವಾಗ ಅಣ್ಣನ ನೋಟ್‌ಬುಕ್ಕುಗಳನ್ನು ಅಮ್ಮ ಒಂದು ಹಳೆಯ ಸೀರೆಯಲ್ಲಿ ಕಟ್ಟಿ ಟ್ರಂಕಿನ ತಳದಲ್ಲಿಟ್ಟಿದ್ದಳಂತೆ. ಅವಳು ತೀರಿಕೊಂಡ ಮೇಲೆ ಟ್ರಂಕು ತೆರೆದಾಗ ಗೆದ್ದಲು ಹತ್ತಿ ಮಣ್ಣಾಗಿದ್ದವು. ಹೃದಯದ ಚಿತ್ರವಿದ್ದ ಪುಟ ಸಿಗಬಹುದೇನೋ ಎಂದು ಬೆರಳಿನಿಂದ ಕೆದಕಿ ನೋಡಿದೆ. ಸಿಗಲಿಲ್ಲ. ಗಂಗಾಧರಯ್ಯ ಮೇಷ್ಟ್ರು ಹೋಗಿದ್ದು ನನಗೆ ಗೊತ್ತಾದದ್ದೇ ಎರಡು ವರ್ಷ ತಡವಾಗಿ. ಅಮ್ಮ ಹೋದ ಮೇಲೆ ಅಪ್ಪ ಒಂಬತ್ತು ವರ್ಷ ಬದುಕಿದರು, ಕೊನೆಯ ಮೂರು ವರ್ಷ ನನ್ನ ಜೊತೆಯಲ್ಲಿದ್ದರು. ಆಗ ಅವರಿಗೆ ಹಿಂದಿನದು ಮುಂದಿನದು ಕಲಸಿಹೋಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ತುತ್ತು ಕಲಸುವುದನ್ನು ನಿಲ್ಲಿಸಿ, "ಮೋಹನ ಈಗ ಯಾವ ಕ್ಲಾಸು?" ಎಂದು ಕೇಳಿದರು. ಅಷ್ಟೂ ವರ್ಷಗಳಲ್ಲಿ ಅವರ ಬಾಯಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು.

"ಏಳನೇ ಕ್ಲಾಸು ಅಪ್ಪ."

"ಚೆನ್ನಾಗಿ ಓದ್ತಾನಾ?"

ಓದ್ತಾನೆ ಎಂದೆ. ಅಪ್ಪ ಸಮಾಧಾನದಿಂದ ತಲೆಯಾಡಿಸಿ ಉಳಿದ ಅನ್ನವನ್ನು ಉಂಡರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಮೋಹನ ಹೇಗಿದ್ದ ಎಂದು ಬಲ್ಲವರು ಈಗ ನನ್ನನ್ನು ಬಿಟ್ಟರೆ ಯಾರೂ ಇಲ್ಲ.